ಸೂಜಿಯ ಜೊತೆ 58 ವರ್ಷ



ಈ ಸಲದ ಜೀವನ ಚರಿತ್ರೆಗೆ ನಾನು ಆರಿಸಿಕೊಂಡಿರುವುದು ಎಲಿಜಬೆತ್ ಹ್ಯೂಸ್ ಎಂಬವರನ್ನು. ಇವರು ದೇಶ ಆಳಲಿಲ್ಲ, ಯಂತ್ರ ಕಂಡುಹಿಡಿಯಲಿಲ್ಲ. ಆದರೂ ಸಕ್ಕರೆ ಕಾಯಿಲೆಯ ಇತಿಹಾಸ ಬರೆಯುವವರು ಇವರ ಹೆಸರು ಬಿಡುವುದಿಲ್ಲ.

ಎಲಿಜಬೆತ್ 1907ನೇ ಇಸವಿ ಆಗಸ್ಟ್ 19ರಂದು ಅಮೆರಿಕದ ಆಲ್ಬನಿ ಎಂಬ ಊರಿನಲ್ಲಿ ಹುಟ್ಟಿದಳು. (ಚಿಕ್ಕವಳಿದ್ದಾಗಿನ ಕಥೆ ಹೇಳುವಾಗ ಅವಳು ಅಂತಲೇ ಬರೆಯುತ್ತೇನೆ.) ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗ ನ್ಯೂಯಾರ್ಕ್ ರಾಜ್ಯದ ಗವರ್ನರ್. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರು 1916ರಲ್ಲಿ ಅಧ್ಯಕ್ಷರ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1921ರಲ್ಲಿ ವಿದೇಶಾಂಗ ಮಂತ್ರಿಯಾದರು, 1930ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು. ಮನೆಯಲ್ಲಿ ಹಣಕ್ಕೆ, ಹೆಸರಿಗೆ ಏನೂ ಕಡಿಮೆ ಇರಲಿಲ್ಲ.

1919ರಲ್ಲಿ, 11 ವರ್ಷದ ಎಲಿಜಬೆತ್‌ಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಸಿಹಿ ಜಾಸ್ತಿ ತಿಂದದ್ದರಿಂದ ಬಂದದ್ದಲ್ಲ ಇದು. ನಮ್ಮ ಹೊಟ್ಟೆಯಲ್ಲಿ ಮೇದೋಜೀರಕ ಗ್ರಂಥಿ ಇದೆಯಲ್ಲ, ಅದರಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹವೇ ನಾಶ ಮಾಡಿಬಿಡುತ್ತದೆ. ಆಮೇಲೆ ಉಂಡ ಅನ್ನ ಸಕ್ಕರೆಯಾಗಿ ರಕ್ತದಲ್ಲಿ ಸುತ್ತುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ಎಷ್ಟು ನೀರು ಕುಡಿದರೂ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮೈ ಮಾತ್ರ ಕಡ್ಡಿ. ಆ ಕಾಲದಲ್ಲಿ ಮಕ್ಕಳಿಗೆ ಇದು ಬಂದರೆ ಬದುಕುವ ದಾರಿಯೇ ಇರಲಿಲ್ಲ.

ಫ್ರೆಡರಿಕ್ ಆಲೆನ್ ಎಂಬ ದೊಡ್ಡ ಡಾಕ್ಟರು ಅವಳನ್ನು ನೋಡಿಕೊಂಡರು. ಅವರ ಹತ್ತಿರ ಇದ್ದ ಔಷಧಿ ಒಂದೇ, ಉಪವಾಸ. ಊಟ ಕಡಿಮೆ ಮಾಡಿದರೆ ಸಕ್ಕರೆ ಕಡಿಮೆಯಾಗುತ್ತದೆ, ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಪ್ರತಿಯೊಂದು ತುತ್ತನ್ನೂ ತಕ್ಕಡಿಯಲ್ಲಿ ತೂಗಬೇಕು. ತರಕಾರಿಯನ್ನು ಮೂರು ಸಲ ಬೇಯಿಸಿ ನೀರು ಚೆಲ್ಲಿ, ಸತ್ವ ಹೋದ ಮೇಲೆ ತಿನ್ನಬೇಕು. ವಾರಕ್ಕೊಂದು ದಿನ ಪೂರ್ತಿ ಉಪವಾಸ. ಬ್ಲಾಂಚ್ ಬರ್ಜೆಸ್ ಎಂಬ ನರ್ಸ್ ಸದಾ ಜೊತೆಗಿದ್ದು ಲೆಕ್ಕ ಬರೆದಿಡುತ್ತಿದ್ದರು. ನಮ್ಮ ಮನೆಗಳಲ್ಲಿ ಏಕಾದಶಿ ಉಪವಾಸ ಮಾಡಿದವರು ಮರುದಿನ ಹೊಟ್ಟೆ ತುಂಬಾ ಉಣ್ಣುತ್ತಾರೆ. ಎಲಿಜಬೆತ್‌ಗೆ ಮರುದಿನವೂ ಅಷ್ಟೇ. ಮೂರು ವರ್ಷ ಹೀಗೇ ನಡೆಯಿತು. 1920ರಲ್ಲಿ ಅವಳ ಅಕ್ಕ ಹೆಲೆನ್ ಬೇರೆ ಕಾಯಿಲೆಯಿಂದ ತೀರಿಕೊಂಡಳು. 1922ರ ಹೊತ್ತಿಗೆ ಸುಮಾರು ಐದು ಅಡಿ ಎತ್ತರದ ಎಲಿಜಬೆತ್ ತೂಗುತ್ತಿದ್ದದ್ದು 20 ಕೆ.ಜಿ. ನಮ್ಮ ಶಾಲೆಯ ಒಂದನೇ ಕ್ಲಾಸಿನ ಮಕ್ಕಳ ತೂಕ ಅದು!

ಇತ್ತ ಕೆನಡಾ ದೇಶದ ಟೊರೊಂಟೊದಲ್ಲಿ 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ಇಬ್ಬರು ಮೇದೋಜೀರಕದಿಂದ ರಸ ತೆಗೆದು ನಾಯಿಗಳ ಮೇಲೆ ಪ್ರಯೋಗ ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟರು. ಮೊದಲ ಸಲ ಸರಿಯಾಗಿ ಹಿಡಿಯಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಸುದ್ದಿ ತಿಳಿದು ಎಲಿಜಬೆತಳ ತಾಯಿ ಬ್ಯಾಂಟಿಂಗರಿಗೆ ಕಾಗದ ಬರೆದರು. ಔಷಧಿ ಸಾಲದು ಅಂತ ಮೊದಲು ಅವರು ಒಪ್ಪಲಿಲ್ಲ, ಕೊನೆಗೆ ಒಪ್ಪಿದರು. ಆಗಸ್ಟ್‌ನಲ್ಲಿ, 15ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನ ಇರುವಾಗ, ಅವಳಿಗೆ ಮೊದಲ ಇಂಜೆಕ್ಷನ್ ಆಯಿತು. ಮಂತ್ರಿಯ ಮಗಳಾದ್ದರಿಂದ ಸಿಕ್ಕಿತೇ ಅಂತ ನನಗೂ ಅನ್ನಿಸಿತು. ಸಿಗದೇ ಹೋದ ಮಕ್ಕಳು ಆ ವರ್ಷ ಬಹಳ ಇದ್ದರು.

ಇನ್ನು ಚುಚ್ಚುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಕಳೆದ ವರ್ಷದಿಂದ ನಾನೂ ಇನ್ಸುಲಿನ್ ತಗೊಳ್ತಾ ಇದ್ದೇನೆ. ನನ್ನ ಸೂಜಿ ಕೂದಲಿನ ಹಾಗೆ ಸಣ್ಣದು, ಬಳಸಿ ಎಸೆಯುವಂಥದ್ದು. ಅವಳ ಕಾಲದ್ದು ಗಾಜಿನ ಸಿರಿಂಜು, ದಪ್ಪ ಉಕ್ಕಿನ ಸೂಜಿ. ಪ್ರತಿ ಸಲ ಕುದಿಯುವ ನೀರಿಗೆ ಹಾಕಬೇಕು, ಮೊಂಡಾದರೆ ಕಲ್ಲಿನ ಮೇಲೆ ಮಸೆಯಬೇಕು. ದನ, ಹಂದಿಗಳ ಗ್ರಂಥಿಯಿಂದ ತೆಗೆದ ಔಷಧಿ ಅಷ್ಟು ಶುದ್ಧವಿರಲಿಲ್ಲ, ಚುಚ್ಚಿದ ಜಾಗ ಊದಿ ನೋಯುತ್ತಿತ್ತು. ಒಂದು ಸೀಸೆ ಖಾರ, ಇನ್ನೊಂದು ಸಪ್ಪೆ ಅನ್ನುವ ಹಾಗೆ ಶಕ್ತಿಯೂ ಒಂದೇ ಸಮ ಇರಲಿಲ್ಲ. ಹೆಚ್ಚಾದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುವುದು. ಆಗ ಕಿತ್ತಳೆ ರಸವೋ ಸಿಹಿಯೋ ಬಾಯಿಗೆ ಹಾಕಬೇಕು. ದಿನಕ್ಕೆ ಎರಡು ಸಲ ಇಷ್ಟೆಲ್ಲ. ಬರುಬರುತ್ತಾ ತಾನೇ ಚುಚ್ಚಿಕೊಳ್ಳುವುದನ್ನು ಕಲಿತಳು. ನನಗೆ ಅಮ್ಮ ಚುಚ್ಚುವಾಗ ಆಗುತ್ತಿದ್ದ ಹೆದರಿಕೆ ನಾನೇ ಚುಚ್ಚಿಕೊಳ್ಳಲು ಶುರು ಮಾಡಿದ ಮೇಲೆ ಅರ್ಧಕ್ಕೆ ಇಳಿಯಿತು.

ಪರೀಕ್ಷೆಯೂ ಬೇರೆ ರೀತಿ. ನಾನು ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತ ಪಟ್ಟಿಗೆ ತಾಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಆಗ ಮನೆಯಲ್ಲಿ ಮಾಡಬಹುದಾಗಿದ್ದದ್ದು ಮೂತ್ರ ಪರೀಕ್ಷೆ ಮಾತ್ರ. ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರು ತೋರಿಸಿದ ಬೆನೆಡಿಕ್ಟ್ ದ್ರಾವಣ ನೆನಪಿದೆಯಾ? ಅದೇ. ಮೂತ್ರದ ಹನಿ ಬೆರೆಸಿ ಕಾಯಿಸಿದರೆ ನೀಲಿ ಇದ್ದರೆ ಸಕ್ಕರೆ ಇಲ್ಲ, ಹಸಿರು ಅಂದರೆ ಸ್ವಲ್ಪ, ಇಟ್ಟಿಗೆ ಕೆಂಪು ಅಂದರೆ ತುಂಬಾ. ಮೊದಲ ವಾರಗಳಲ್ಲೇ ಎಲಿಜಬೆತಳ ಮೂತ್ರದಲ್ಲಿ ಸಕ್ಕರೆ ಮಾಯವಾಯಿತು. ಬ್ಯಾಂಟಿಂಗ್ ಊಟ ಹೆಚ್ಚಿಸುತ್ತಾ ಹೋದರು. ಮೂರು ವರ್ಷದ ಮೇಲೆ ಬ್ರೆಡ್ ತಿಂದಳು! ಏನೇನು ತಿಂದೆ ಅಂತ ತಾಯಿಗೆ ಸಂಭ್ರಮದಿಂದ ಕಾಗದ ಬರೆದಳು. ನವೆಂಬರ್ ಕೊನೆಗೆ ಮೈ ತುಂಬಿಕೊಂಡು ಮನೆಗೆ ಹೊರಟಳು.

ಮುಂದಿನದು ಸಾಮಾನ್ಯ ಜೀವನ, ಬೇಗ ಹೇಳುತ್ತೇನೆ. 1929ರಲ್ಲಿ ಬರ್ನಾರ್ಡ್ ಕಾಲೇಜಿನಿಂದ ಪದವಿ ಪಡೆದರು. 1930ರಲ್ಲಿ ವಿಲಿಯಂ ಗಾಸೆಟ್ ಎಂಬ ವಕೀಲರನ್ನು ಮದುವೆಯಾದರು, ಮೂವರು ಮಕ್ಕಳಾದರು. 1974ರಲ್ಲಿ ಶುರುವಾದ ಅಮೆರಿಕದ ಸುಪ್ರೀಂ ಕೋರ್ಟ್ ಇತಿಹಾಸ ಸಂಘದ ಅಧ್ಯಕ್ಷೆಯಾದರು. 1981ರ ಏಪ್ರಿಲ್‌ನಲ್ಲಿ, 73ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬ್ಯಾಕ್ಟೀರಿಯಾದಿಂದ ತಯಾರಿಸಿದ ಹೊಸ ಇನ್ಸುಲಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ದಿನಕ್ಕೆರಡರಂತೆ 58 ವರ್ಷಕ್ಕೆ ನಾನು ಗುಣಿಸಿ ನೋಡಿದೆ, 42,340 ಬಂತು.

ಒಂದು ವಿಷಯ ನನಗೆ ಬಹಳ ಕಾಡಿತು. ಅವರು ತಮ್ಮ ಕಾಯಿಲೆಯನ್ನು ಜೀವನ ಪೂರ್ತಿ ಮುಚ್ಚಿಟ್ಟರು. ತಂದೆಯ ಕಾಗದಪತ್ರಗಳಿಂದಲೂ ಅದರ ಸುದ್ದಿಯನ್ನು ತೆಗೆದುಹಾಕಿದರು. ಮೈಕೆಲ್ ಬ್ಲಿಸ್ ಎಂಬ ಇತಿಹಾಸಕಾರರು ಇನ್ಸುಲಿನ್ ಬಗ್ಗೆ ಪುಸ್ತಕ ಬರೆಯಲು ಹುಡುಕುತ್ತಾ ಹೋದಾಗ ಅವರಿನ್ನೂ ಬದುಕಿದ್ದಾರೆ ಅಂತ ತಿಳಿದು ಬೆರಗಾದರು. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತೋ ಏನೋ. ನನಗೂ ಅದು ಬೇಡ. ಆದರೆ ಮುಚ್ಚಿಡುವುದು ನನಗೆ ಕಷ್ಟ, ದಿನಾ ನಿಮ್ಮ ಜೊತೆಗೇ ಊಟಕ್ಕೆ ಕೂರಬೇಕಲ್ಲ. ನಾನು ಆಟದಲ್ಲಿ ಇದ್ದಕ್ಕಿದ್ದಂತೆ ಬೆವತು ನಡುಗಿದರೆ, ಮಾತು ತೊದಲಿದರೆ, ನನ್ನ ಚೀಲದ ಮುಂದಿನ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇದೆ. ಮೂರು ಚಮಚ ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಓಡಿಹೋಗಿ ಟೀಚರನ್ನು ಕರೆಯಿರಿ.