ಸಣ್ಣವರ ಬ್ಯಾಂಕರು ಎ. ಪಿ. ಜಿಯಾನಿನಿ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಹೋಸೆ ಪಟ್ಟಣದಲ್ಲಿ 1870ನೇ ಇಸವಿ ಮೇ 6ರಂದು ಅಮಡೇಯೊ ಪೀಟರ್ ಜಿಯಾನಿನಿಯವರು ಜನಿಸಿದರು. ತಂದೆ ಲುಯಿಜಿ, ತಾಯಿ ವರ್ಜೀನಿಯ. ಇಬ್ಬರೂ ಇಟಲಿಯ ಲಿಗೂರಿಯ ಪ್ರಾಂತ್ಯದಿಂದ ಜೀವನೋಪಾಯವನ್ನರಸಿ ಬಂದವರು. ಸಮೀಪದ ಆಲ್ವಿಸೊ ಎಂಬಲ್ಲಿ ಅವರು ಹಣ್ಣಿನ ತೋಟ ಮಾಡಿಕೊಂಡಿದ್ದರು. ಬಾಲಕನಿಗೆ ಆರೇಳು ವರ್ಷ ತುಂಬುವಷ್ಟರಲ್ಲಿ, ಒಂದೆರಡು ಡಾಲರಿನ ಕೂಲಿಯ ವಿಷಯವಾಗಿ ಎದ್ದ ಜಗಳದಲ್ಲಿ ಆಳೊಬ್ಬನು ಲುಯಿಜಿಯವರನ್ನು ಗುಂಡಿಕ್ಕಿ ಕೊಂದನು. ಒಂದೆರಡು ಡಾಲರು ಬಡವನೊಬ್ಬನ ಮನಸ್ಸಿನಲ್ಲಿ ಎಷ್ಟು ಭಾರವಾಗಿ ಕುಳಿತಿರಬಲ್ಲದೆಂಬುದನ್ನು ಮುಂದೆ ಕೋಟಿಗಟ್ಟಲೆ ಹಣವನ್ನು ಆಳಿದ ಈ ಮಹನೀಯರು ಅಷ್ಟು ಎಳೆಯ ವಯಸ್ಸಿನಲ್ಲೇ ಕಂಡುಕೊಂಡರೆಂದು ನಮಗೆ ತೋರುತ್ತದೆ.

ಎಳೆಯ ಪ್ರಾಯದ ವಿಧವೆ ಕೆಲವು ವರ್ಷಗಳ ಮೇಲೆ ಲೊರೆಂಜೊ ಸ್ಕಾಟೇನ ಎಂಬ ಸಜ್ಜನರನ್ನು ಮರುಮದುವೆಯಾದರು. ಕುಟುಂಬವು ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಬಂದು ಹಣ್ಣು ತರಕಾರಿಗಳ ಸಗಟು ವ್ಯಾಪಾರ ಹೂಡಿತು. ಹುಡುಗನು ನಡುರಾತ್ರಿಯಲ್ಲೆದ್ದು ಬಂದರುಕಟ್ಟೆಗೆ ಹೋಗುತ್ತಿದ್ದನು, ಬೆಳಗಾದ ಮೇಲೆ ಶಾಲೆಗೆ. ಹದಿನೈದರ ಸುಮಾರಿಗೆ ಶಾಲೆಯೂ ನಿಂತಿತು. ನದೀಕಣಿವೆಗಳಲ್ಲಿ ತೋಟದಿಂದ ತೋಟಕ್ಕೆ ಅಲೆದು ಬೆಳೆ ಕೊಳ್ಳುತ್ತಾ, ಯಾವ ರೈತನ ಮಾತು ಗಟ್ಟಿ, ಯಾರದು ಪೊಳ್ಳು ಎಂದು ಅಳೆಯುವುದನ್ನು ತರುಣ ಜಿಯಾನಿನಿಯವರು ಕಲಿತದ್ದು ಈ ವರ್ಷಗಳಲ್ಲಿಯೇ. 1892ರಲ್ಲಿ ಕ್ಲೊರಿಂಡ ಕ್ಯೂನಿಯೊ ಅವರೊಡನೆ ವಿವಾಹವಾಯಿತು. ಮೂವತ್ತೊಂದನೆಯ ವಯಸ್ಸಿಗೆ ಸಾಕೆನಿಸಿ, ವ್ಯಾಪಾರದಲ್ಲಿದ್ದ ತಮ್ಮ ಪಾಲನ್ನು ಮಾರಿ ಅವರು ನಿವೃತ್ತರಾದರು.

ಆದರೆ ನಿವೃತ್ತಿ ನಿಲ್ಲಲಿಲ್ಲ. 1902ರಲ್ಲಿ ಮಾವನವರು ತೀರಿಕೊಂಡಾಗ ಸುಮಾರು 5 ಲಕ್ಷ ಡಾಲರಿನ ಅವರ ಆಸ್ತಿಯ ಮೇಲ್ವಿಚಾರಣೆಯೂ, ಒಂದು ಚಿಕ್ಕ ಬ್ಯಾಂಕಿನ ನಿರ್ದೇಶಕ ಸ್ಥಾನವೂ ಅಳಿಯನ ಪಾಲಿಗೆ ಬಂದವು. ಅಂದಿನ ಬ್ಯಾಂಕುಗಳು ಧನಿಕರಿಗಾಗಿ ಇದ್ದವು. ಮೀನುಗಾರ, ಕ್ಷೌರಿಕ, ತರಕಾರಿ ಮಾರುವವಳು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಅವರು ತಮ್ಮ ಚಿನ್ನದ ನಾಣ್ಯಗಳನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದರು, ಕಷ್ಟ ಬಂದಾಗ ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದರು. (ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದು ಗುರುಮನೆಯಲ್ಲಿ ನಮ್ಮ ಕೈಗೊಪ್ಪಿಸಿದ ತಾಯಂದಿರನ್ನು ನಾವೂ ಕಂಡಿದ್ದೇವೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅವರಿಗಿದ್ದ ಅಂಜಿಕೆಯನ್ನು ಬಲ್ಲೆವು.) ಇಂಥವರಿಗೆ ಸಣ್ಣ ಸಾಲ ಕೊಡಬೇಕೆಂದು ಜಿಯಾನಿನಿಯವರು ವಾದಿಸಿದರು. ಉಳಿದ ನಿರ್ದೇಶಕರು ಒಪ್ಪಲಿಲ್ಲ. ಅವರು ರಾಜೀನಾಮೆಯಿತ್ತು ಹೊರಬಂದು, ಇಟಾಲಿಯನ್ನರು ನೆಲೆಸಿದ್ದ ನಾರ್ತ್ ಬೀಚ್ ಬಡಾವಣೆಯಲ್ಲಿ ಮದ್ಯದಂಗಡಿಯಾಗಿದ್ದ ಒಂದು ಕೊಠಡಿಯನ್ನು ಹಿಡಿದು, 1904ರ ಅಕ್ಟೋಬರ್ 17ರಂದು 'ಬ್ಯಾಂಕ್ ಆಫ್ ಇಟಲಿ' ಎಂಬ ಹೆಸರಿನಲ್ಲಿ ಹೊಸ ಬ್ಯಾಂಕನ್ನು ತೆರೆದರು. ಮೊದಲ ದಿನದ ಠೇವಣಿ 8,780 ಡಾಲರು.

ಷೇರುಗಳು ಕೆಲವರ ಕೈಯಲ್ಲೇ ಸೇರದಂತೆ ಅವರು ಎಚ್ಚರ ವಹಿಸಿದರು. ಮೀನಿನ ವ್ಯಾಪಾರಿ, ರೊಟ್ಟಿ ಸುಡುವವನು, ಮನೆಗೆ ಬಣ್ಣ ಬಳಿಯುವವನು ಎಲ್ಲರೂ ಪಾಲುದಾರರು. ಮನೆಮನೆಯ ಬಾಗಿಲು ತಟ್ಟಿ ಠೇವಣಿ ಕೇಳುವುದು ಆ ಕಾಲದ ಬ್ಯಾಂಕರುಗಳ ದೃಷ್ಟಿಯಲ್ಲಿ ಮರ್ಯಾದೆಗೇಡು. ಜಿಯಾನಿನಿಯವರಿಗೆ ತರಕಾರಿ ಮಾರಿದ ಅಭ್ಯಾಸವಿದ್ದುದರಿಂದ ಸಂಕೋಚವಿರಲಿಲ್ಲ.

ಇನ್ನು 1906ನೇ ಇಸವಿ ಏಪ್ರಿಲ್ 18ರ ಬೆಳಗಿನ ಜಾವ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಭೂಮಿ ನಡುಗಿತು. ಜಿಯಾನಿನಿಯವರ ಮನೆ ನಗರದಿಂದ ಹದಿನೇಳು ಮೈಲಿ ದೂರದ ಸ್ಯಾನ್ ಮಟೇಯೊದಲ್ಲಿ. ಸ್ವಲ್ಪ ದೂರ ರೈಲಿನಲ್ಲಿ, ಉಳಿದದ್ದು ಕಾಲ್ನಡಿಗೆಯಲ್ಲಿ, ನಗರ ಬಿಟ್ಟು ಓಡಿಬರುತ್ತಿದ್ದ ಜನಸ್ತೋಮಕ್ಕೆ ಎದುರಾಗಿ ನಡೆದು ಅವರು ಮಧ್ಯಾಹ್ನದ ಹೊತ್ತಿಗೆ ಬ್ಯಾಂಕು ತಲುಪಿದರು. ಕಟ್ಟಡವಿನ್ನೂ ನಿಂತಿತ್ತು. ಆದರೆ ಬೆಂಕಿ ಬೀದಿಯಿಂದ ಬೀದಿಗೆ ಹರಡುತ್ತಿತ್ತು. ಮಲತಂದೆಯ ಮಂಡಿಯಿಂದ ಎರಡು ಗಾಡಿಗಳನ್ನು ತರಿಸಿ, ಸುಮಾರು 80,000 ಡಾಲರು ನಗದನ್ನು ತುಂಬಿ, ಕಳ್ಳರ ಕಣ್ಣಿಗೆ ಬೀಳದಿರಲೆಂದು ಮೇಲೆ ಕಿತ್ತಳೆ ಹಣ್ಣಿನ ಪೆಟ್ಟಿಗೆಗಳನ್ನು ಒಟ್ಟಿ, ಕತ್ತಲಾದ ಮೇಲೆ ಮನೆಗೆ ಸಾಗಿಸಿ ಅಗ್ಗಿಷ್ಟಿಕೆಯ ಬೂದಿಗುಂಡಿಯಲ್ಲಿ ಬಚ್ಚಿಟ್ಟರು. ಬಹುಕಾಲ ಆ ಹಣ ಕಿತ್ತಳೆಯ ವಾಸನೆ ಬೀರುತ್ತಿತ್ತಂತೆ. ಬ್ಯಾಂಕಿನ ಕಟ್ಟಡ ಸುಟ್ಟು ಬೂದಿಯಾಯಿತು.

ದೊಡ್ಡ ಬ್ಯಾಂಕುಗಳ ಹಣ ಉಕ್ಕಿನ ಕೋಣೆಗಳಲ್ಲಿ ಕ್ಷೇಮವಾಗಿಯೇ ಇತ್ತು. ಆದರೆ ಆ ಕೋಣೆಗಳು ಕಾದು ಕೆಂಡವಾಗಿದ್ದವು. ತೆರೆದರೆ ಗಾಳಿ ಸೋಕಿ ನೋಟುಗಳು ಹೊತ್ತಿಕೊಳ್ಳುವ ಭಯದಿಂದ ವಾರಗಟ್ಟಲೆ ತೆರೆಯುವಂತಿರಲಿಲ್ಲ. ಕೆಲವು ತಿಂಗಳು ಬ್ಯಾಂಕುಗಳೆಲ್ಲ ಮುಚ್ಚಿರಲೆಂದು ಹಿರಿಯ ಬ್ಯಾಂಕರುಗಳು ಮಂತ್ರಾಲೋಚನೆ ನಡೆಸುತ್ತಿದ್ದಾಗ, ಜಿಯಾನಿನಿಯವರು ಬಂದರುಕಟ್ಟೆಯಲ್ಲಿ ಎರಡು ಪೀಪಾಯಿಗಳ ಮೇಲೆ ಒಂದು ಹಲಗೆ ಹಾಸಿ ವ್ಯವಹಾರಕ್ಕೆ ಕುಳಿತರು. ಇಲ್ಲಿ ಓದುಗರು ಅವರ ಎದೆಗಾರಿಕೆಯನ್ನು ಲೆಕ್ಕ ಹಾಕಿ ನೋಡಬೇಕು. ಠೇವಣಿದಾರರಿಗೆ ಸಲ್ಲಬೇಕಾದದ್ದು 8 ಲಕ್ಷ ಡಾಲರಿಗೂ ಮೇಲೆ, ಕೈಯಲ್ಲಿದ್ದುದು 80,000. ಎಲ್ಲರೂ ಒಮ್ಮೆಲೇ ಕೇಳಿದ್ದರೆ ಆ ದಿನವೇ ಬ್ಯಾಂಕು ಮುಳುಗುತ್ತಿತ್ತು. ಹಣ ಕೈಯಲ್ಲಿದೆಯೆಂದು ಕಣ್ಣಿಗೆ ಕಾಣುವಂತೆ ತೋರಿಸಿದುದರಿಂದಲೇ ಜನರು ಕೇಳಲಿಲ್ಲ. ಮನೆ ಕಟ್ಟಲು ಸಾಲ ಕೇಳಿದವನಿಗೆ ಕೇಳಿದ್ದರಲ್ಲಿ ಅರ್ಧ ಕೊಟ್ಟು, ಮಿಕ್ಕದ್ದನ್ನು ತಾನೇ ಹೊಂದಿಸಿಕೊಳ್ಳಲು ಹೇಳುತ್ತಿದ್ದರು. ಬಚ್ಚಿಟ್ಟ ಚಿನ್ನ ಹೊರಬರುವ ಉಪಾಯವದು. ದಸ್ತಾವೇಜುಗಳು ಸುಟ್ಟುಹೋಗಿದ್ದವರಿಗೆ ಮುಖ ನೋಡಿ, ಕೈಯ ಜಡ್ಡು ನೋಡಿ ಸಾಲ ಕೊಟ್ಟರು. ಆ ಸಾಲಗಳೆಲ್ಲ ಮರಳಿ ಬಂದವೆಂದು ಪ್ರತೀತಿ. ನಾರ್ತ್ ಬೀಚ್ ನಗರದ ಇತರ ಭಾಗಗಳಿಗಿಂತ ಮೊದಲೇ ಎದ್ದು ನಿಂತಿತು.

ಬೆಳವಣಿಗೆಯ ವೃತ್ತಾಂತ ದೀರ್ಘವಾದದ್ದು, ನಾವಿಲ್ಲಿ ಸಂಕ್ಷೇಪಿಸುತ್ತೇವೆ. 1909ರಲ್ಲಿ ತಮ್ಮ ಹುಟ್ಟೂರಾದ ಸ್ಯಾನ್ ಹೋಸೆಯಲ್ಲಿ ಅವರು ನಗರದಾಚೆಯ ಮೊದಲ ಶಾಖೆ ತೆರೆದರು. ಒಂದೇ ಊರಿನ ಬ್ಯಾಂಕು ಆ ಊರಿನ ಒಂದೇ ಬೆಳೆಯನ್ನು ನೆಚ್ಚಿಕೊಂಡಿರುತ್ತದೆ. ಬೆಳೆ ಕೆಟ್ಟರೆ ಬ್ಯಾಂಕೂ ಕೆಟ್ಟಿತು. ನೂರು ಊರುಗಳಲ್ಲಿ ಶಾಖೆಗಳಿದ್ದರೆ ಒಣದ್ರಾಕ್ಷಿಯ ಸುಗ್ಗಿಯ ಹಣ ಮತ್ತೊಂದೆಡೆ ಬಿತ್ತನೆಗೆ ಒದಗುತ್ತದೆ. ಈ ಸರಳ ಯುಕ್ತಿಯಿಂದ ಶಾಖೆಗಳು ರಾಜ್ಯದುದ್ದಕ್ಕೂ ಹಬ್ಬಿದವು. 1921ರಲ್ಲಿ ಸ್ತ್ರೀಯರಿಗಾಗಿಯೇ ಒಂದು ವಿಭಾಗ ತೆರೆಯಲ್ಪಟ್ಟಿತು. ಬ್ಯಾಂಕಿಗೆ 'ಬ್ಯಾಂಕ್ ಆಫ್ ಅಮೆರಿಕ' ಎಂಬ ಹೆಸರು 1930ರಲ್ಲಿ ಬಂದಿತು.

ಆದರೆ ಸಣ್ಣವರ ನಂಬಿಕೆ ಹೊರಲು ಹಗುರವಾದ ಹೊರೆಯಲ್ಲ. 1928ರಲ್ಲಿ ಅವರು ಟ್ರಾನ್ಸ್‌ಅಮೆರಿಕ ಎಂಬ ಹಿಡುವಳಿ ಕಂಪನಿಯನ್ನು ಸ್ಥಾಪಿಸಿದಾಗ, ಅವರ ಹೆಸರನ್ನೇ ನಂಬಿ ಸಾವಿರಾರು ಸಾಮಾನ್ಯರು ಅದರ ಷೇರುಗಳನ್ನು ಹೊಂದಿದ್ದರು. 1929ರ ಪೇಟೆ ಕುಸಿತದ ತರುವಾಯ ಆ ಷೇರುಗಳು ಇಳಿಯುತ್ತಾ ಹೋಗಿ, 1932ರ ಹೊತ್ತಿಗೆ ಎರಡು ಡಾಲರಿನ ಆಸುಪಾಸಿಗೆ ಬಂದವು. ಜಿಯಾನಿನಿಯವರು ನಿವೃತ್ತರಾಗಿ ಆಡಳಿತವನ್ನು ನ್ಯೂಯಾರ್ಕಿನ ಎಲಿಷ ವಾಕರರಿಗೆ ಒಪ್ಪಿಸಿದ್ದರು. ವಾಕರರು ಬ್ಯಾಂಕನ್ನೇ ಬಿಡಿಬಿಡಿಯಾಗಿ ಮಾರಲು ಹೊರಟರು. ಆಗ ಅರವತ್ತೊಂದರ ಪ್ರಾಯದ, ಅನಾರೋಗ್ಯದಿಂದ ಬಳಲಿದ್ದ ಈ ವೃದ್ಧರು ಊರೂರು ತಿರುಗಿ, ನಷ್ಟಕ್ಕೊಳಗಾದ ಷೇರುದಾರರನ್ನೇ ಸಭೆ ಸೇರಿಸಿ ಮತ ಬೇಡಿದರು. ಗಂಟು ಕಳೆದುಕೊಂಡವರು ಕಲ್ಲೆಸೆಯಬಹುದಿತ್ತು. ಅವರು ಮತ ಕೊಟ್ಟರು. 1932ರ ಫೆಬ್ರವರಿ 15ರಂದು ಆಡಳಿತ ಮರಳಿ ಜಿಯಾನಿನಿಯವರ ಕೈಗೆ ಬಂದಿತು. ಅವರನ್ನು ದೋಷರಹಿತರೆಂದು ನಾವು ಚಿತ್ರಿಸಲಾರೆವು. ಅವರ ಹಠ ದೊಡ್ಡದು, ಹಗೆ ದೀರ್ಘವಾದದ್ದು. ಆ ದುರ್ಭಿಕ್ಷ ವರ್ಷಗಳಲ್ಲಿ ಸಾಲ ತೀರಿಸಲಾಗದ ಅನೇಕ ರೈತರ ಜಮೀನುಗಳು ಅವರ ಸಂಸ್ಥೆಯ ವಶಕ್ಕೆ ಹೋದವು. ತೋಟದ ಮಗನಾದ ಅವರಿಗೆ ಅದು ನೋವಾಗಿರಲಿಲ್ಲವೆಂದು ನಂಬುವುದು ಕಷ್ಟ, ಆದರೂ ಜಮೀನುಗಳು ಹೋದದ್ದು ನಿಜ.

1945ರಲ್ಲಿ ಅವರ ಬ್ಯಾಂಕು ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಆದರೆ ಅವರು ಮಾತ್ರ ಧನಿಕರಾಗಲಿಲ್ಲ, ಆಗಲು ಇಚ್ಛಿಸಲೂ ಇಲ್ಲ. ಹಿಂದೆ ಲಾಭಾಂಶವಾಗಿ ತಮಗೆ ಬರಬೇಕಿದ್ದ 15 ಲಕ್ಷ ಡಾಲರನ್ನು ಕೃಷಿ ಅರ್ಥಶಾಸ್ತ್ರದ ಅಧ್ಯಯನಕ್ಕೆಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಕೊಡಿಸಿದ್ದರು. 1949ರ ಜೂನ್ 3ರಂದು ಸ್ಯಾನ್ ಮಟೇಯೊದ ತಮ್ಮ ಮನೆಯಲ್ಲಿ ಅವರು ನಿಧನರಾದಾಗ ಉಳಿದಿದ್ದ ಆಸ್ತಿ 5 ಲಕ್ಷ ಡಾಲರಿಗೂ ಕಡಿಮೆ. ಅರ್ಧ ಶತಮಾನದ ಹಿಂದೆ ಮಾವನವರು ಬಿಟ್ಟುಹೋದಷ್ಟೂ ಇರಲಿಲ್ಲ. ಕೋಲ್ಮದಲ್ಲಿರುವ ಪವಿತ್ರ ಶಿಲುಬೆಯ ಕಥೋಲಿಕ ಸಮಾಧಿಭೂಮಿಯಲ್ಲಿ ಅವರ ಪಾರ್ಥಿವ ಶರೀರವನ್ನು ಇರಿಸಲಾಯಿತು. ಕುಸುಮರೋಗದಿಂದ ಜೀವನವಿಡೀ ನರಳುತ್ತಲೇ ಬ್ಯಾಂಕಿನ ಅಧ್ಯಕ್ಷರಾಗಿ ದುಡಿದ ಮಗ ಮಾರಿಯೊ ಮೂರು ವರ್ಷಗಳಲ್ಲಿ ತಂದೆಯನ್ನು ಹಿಂಬಾಲಿಸಿದರು. ತಂದೆಯ ತೆರವಾದ ನಿರ್ದೇಶಕ ಪೀಠದಲ್ಲಿ ಮಗಳು ಕ್ಲೇರ್ ಕುಳಿತರು.