ಘಟ್ಟಗಳನ್ನೇರಿದ ಬೈಸಿಕಲ್ ಸವಾರ: ಹೂಲಿಯಾನ್ ಬೆರೆಂದೆರೊ

ನಮ್ಮ ಲೋಧಿ ಕಾಲೋನಿಯ ರಸ್ತೆಗಳು ಅಂಗೈಯಂತೆ ಸಮತಟ್ಟಾದುವು. ಬೈಸಿಕಲ್ಲಿನ ಮೇಲೆ ಶಾಲೆಗೆ ಬರುವ ವಿದ್ಯಾರ್ಥಿ ಮಿತ್ರರಿಗೆ ಮೇಲ್ಸೇತುವೆಯ ಏರೊಂದನ್ನು ಬಿಟ್ಟರೆ ಏದುಸಿರು ಬಿಡಬೇಕಾದ ಪ್ರಸಂಗವೇ ಒದಗದು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಆಗುಂಬೆಯ ಘಟ್ಟವನ್ನೋ ಚಾರ್ಮಾಡಿಯ ಘಟ್ಟವನ್ನೋ ಬಸ್ಸಿನಲ್ಲಿ ಕುಳಿತು ಹತ್ತಿದವರಿಗೆ ಮಾತ್ರ, ತಿರುವಿನ ಮೇಲೆ ತಿರುವಾಗಿ ಏರುವ ದಾರಿಯೆಂದರೆ ಏನೆಂಬುದು ಗೊತ್ತು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರ್. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನಡುವೆ ನಿಂತಿರುವ ಪಿರೆನೀಸ್ ಪರ್ವತಶ್ರೇಣಿಯಲ್ಲಿ, ಫ್ರಾನ್ಸಿನ ಕಡೆಗೆ, ತುರ್ಮಾಲೆ ಎಂಬ ಕಣಿವೆಯ ದಾರಿಯಿದೆ. ಅಲ್ಲಿ ರಸ್ತೆಯೇ 2115 ಮೀಟರಿನವರೆಗೆ ಏರುತ್ತದೆ. ಅದನ್ನು ಕಾಲಿನ ಬಲವೊಂದರಿಂದಲೇ ತುಳಿದು ಹತ್ತಿದ, ಹತ್ತಿದ ಮೇಲೆ ಸೆರೆಯನ್ನೂ ಕಂಡ, ಸೆರೆಯಿಂದ ಹೊರಬಂದು ಮತ್ತೆ ಘಟ್ಟವನ್ನೇರಿದ ಒಬ್ಬ ಸ್ಪೇನ್ ದೇಶೀಯನ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಸ್ಪೇನ್ ದೇಶದ ನಡುಭಾಗವು ನಮ್ಮ ದಖ್ಖನಿನಂತೆ ಒಂದು ವಿಶಾಲವಾದ ಪ್ರಸ್ಥಭೂಮಿ. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಗಾಳಿ. ಗೋದಿಯ ಹೊಲಗಳು, ದ್ರಾಕ್ಷಿಯ ತೋಟಗಳು, ಕುರಿಯ ಹಿಂಡುಗಳು; ದೂರದಿಂದಲೇ ಕಾಣುವ ಇಗರ್ಜಿಯ ಗೋಪುರ, ಅದರ ಸುತ್ತಲೂ ಒತ್ತಾಗಿ ಕುಳಿತ ಕಲ್ಲುಮನೆಗಳು: ಹಳ್ಳಿಯೆಂದರೆ ಇಷ್ಟೇ. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗಲು ಎಷ್ಟೋ ಕಡೆ ಬೆಟ್ಟವನ್ನು ದಾಟಲೇಬೇಕು. ಇಂತಹ ನೆಲದಲ್ಲಿ ಬೆಳೆದ ಸವಾರರು ಬೇರೆ ಯಾವುದರಲ್ಲಿ ಹಿಂದೆ ಬಿದ್ದರೂ ಏರುವುದರಲ್ಲಿ ಹಿಂದೆ ಬೀಳಲಿಲ್ಲವೆಂದರೆ ಆಶ್ಚರ್ಯವೇನು!

ಹೂಲಿಯಾನ್ ಬೆರೆಂದೆರೊ 1912ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಸಾನ್ ಅಗುಸ್ತೀನ್ ದೆಲ್ ಗ್ವಾದಲೀಕ್ಸ್ ಎಂಬ ಗ್ರಾಮದಲ್ಲಿ ಜನಿಸಿದನು. ಈ ಗ್ರಾಮವು ರಾಜಧಾನಿಯಾದ ಮಾದ್ರಿದ್ ನಗರದ ಉತ್ತರಕ್ಕೆ, ಬುರ್ಗೋಸ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಅದೇ ದಾರಿಯಲ್ಲಿ ಮುಂದೆ ಸಾಗಿದರೆ ಸೋಮೊಸಿಯೆರ್ರಾ ಘಟ್ಟ. ಪಶ್ಚಿಮಕ್ಕೆ ತಿರುಗಿದರೆ ಗ್ವಾದರ್ರಾಮಾ ಬೆಟ್ಟಗಳ ಸಾಲು. ಬೆರೆಂದೆರೊ ಮೈಬಣ್ಣದಲ್ಲಿ ಕಪ್ಪು, ಕಣ್ಣುಗಳು ಮಾತ್ರ ನೀಲಿ. ಆದುದರಿಂದ ಜನರು ಅವನನ್ನು ನೀಲಿಕಣ್ಣಿನ ಕರಿಯನೆಂದೇ ಕರೆಯುತ್ತಿದ್ದರು.

ಅವನ ಹೆಸರು ಹೊರಗೆ ಬರುವುದಕ್ಕೆ ಮೊದಲೇ ಸ್ಪೇನಿನ ಇನ್ನೊಬ್ಬ ಸವಾರನು ಯುರೋಪಿನ ಪರ್ವತಗಳಲ್ಲಿ ಕೀರ್ತಿ ಪಡೆದಿದ್ದನು. ಅವನು ವಿಸೆಂತೆ ತ್ರುಯೇಬಾ. ಆಳು ಎಷ್ಟು ಕುಳ್ಳನೆಂದರೆ ಫ್ರೆಂಚರು ಅವನಿಗೆ ಚಿಗಟನೆಂದು ಅಡ್ಡಹೆಸರಿಟ್ಟಿದ್ದರು. ಜಗತ್ತಿನ ಅತ್ಯಂತ ಪ್ರಸಿದ್ಧವಾದ ಬೈಸಿಕಲ್ ಪಂದ್ಯ ಫ್ರಾನ್ಸಿನ ಪ್ರದಕ್ಷಿಣೆ, ಅಂದರೆ ತುರ್ ದ ಫ್ರಾನ್ಸ್. ಘಟ್ಟಗಳನ್ನು ಮೊದಲು ಏರಿದವನಿಗೆ ಪ್ರತ್ಯೇಕ ಬಹುಮಾನವನ್ನು ಆ ಪಂದ್ಯದಲ್ಲಿ ಮೊಟ್ಟಮೊದಲು ಇಟ್ಟಿದ್ದು 1933ರಲ್ಲಿ. ಅದನ್ನು ಗೆದ್ದವನು ಈ ಚಿಗಟನೇ. ಆದರೆ ತುದಿಯನ್ನು ಮೊದಲು ಮುಟ್ಟಿದ ತ್ರುಯೇಬಾನನ್ನು ಇಳಿಜಾರಿನಲ್ಲಿ ಉಳಿದವರು ಬೆನ್ನಟ್ಟಿ ಹಿಡಿದುಬಿಡುತ್ತಿದ್ದರು. ಇದು ಅನ್ಯಾಯವೆಂದು ತೋರಿದುದರಿಂದ ಮರುವರ್ಷ ನಿಯಮವನ್ನೇ ಬದಲಾಯಿಸಿ, ಘಟ್ಟವನ್ನು ಮೊದಲು ಏರಿದವನಿಗೆ ಒಟ್ಟು ಕಾಲದಲ್ಲಿ ರಿಯಾಯಿತಿ ಕೊಡುವ ಏರ್ಪಾಡು ಮಾಡಿದರು. ತನ್ನ ಪಾಲಿಗೆ ಬೇಕಾಗಿದ್ದ ನಿಯಮವು ತಾನು ಸೋತ ಮೇಲೆ ಬಂದಿತು!

1935ರಲ್ಲಿ ಒಂದು ಮಾದ್ರಿದ್ ಪತ್ರಿಕೆಯ ಉತ್ಸಾಹದಿಂದ ಸ್ಪೇನ್ ದೇಶಕ್ಕೂ ತನ್ನದೇ ಆದ ಪ್ರದಕ್ಷಿಣೆಯ ಪಂದ್ಯ ಪ್ರಾರಂಭವಾಯಿತು. ಅದೇ ವುವೆಲ್ತಾ. ಮೊದಲ ಎರಡು ವರ್ಷವೂ ಬೆಲ್ಜಿಯಮ್ಮಿನ ಗುಸ್ತಾಫ್ ದೆಲೂರ್ ಎಂಬವನೇ ಗೆದ್ದನು. ತಮ್ಮ ನೆಲದಲ್ಲಿ ತಮ್ಮವನೊಬ್ಬನು ಗೆಲ್ಲಬೇಕೆಂಬ ಹಂಬಲ ಸ್ಪೇನಿನ ಜನರಲ್ಲಿ ಹಾಗೆಯೇ ಉಳಿಯಿತು. ಎರಡನೆಯ ವರ್ಷದ ಪಂದ್ಯದಲ್ಲಿ ಇಪ್ಪತ್ನಾಲ್ಕು ವರ್ಷದ ಬೆರೆಂದೆರೊ ನಾಲ್ಕನೆಯವನಾಗಿ ಬಂದನು.

ಆ 1936ರ ಬೇಸಿಗೆಯಲ್ಲಿಯೇ ಅವನು ಫ್ರಾನ್ಸಿನ ಪಂದ್ಯಕ್ಕೂ ಹೋದನು. ಆಗಿನ ಬೈಸಿಕಲ್ಲು ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಇಂದಿನ ಸೈಕಲ್ಲಿನಲ್ಲಿ ಬೆರಳಿನಿಂದ ಒಂದು ಸನ್ನೆಯನ್ನು ಒತ್ತಿದರೆ ಸರಪಣಿಯು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಾರುತ್ತದೆ. ಅಂತಹ ಗೇರನ್ನು ದೇಶಗಳ ತಂಡಗಳಲ್ಲಿದ್ದ ಸವಾರರು ಬಳಸಲು ಫ್ರಾನ್ಸಿನ ಪಂದ್ಯದಲ್ಲಿ 1937ರವರೆಗೆ ಅನುಮತಿಯಿರಲಿಲ್ಲ. ಹಿಂದಿನ ಗಾಲಿಯ ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದುವು. ಘಟ್ಟದ ಬುಡ ಬಂದೊಡನೆ ಸವಾರನು ಕೆಳಗಿಳಿದು, ತಿರುಪನ್ನು ಸಡಿಲಿಸಿ, ಗಾಲಿಯನ್ನು ಕಳಚಿ, ತಿರುಗಿಸಿ ಕೂಡಿಸಿ, ಮತ್ತೆ ಹತ್ತಬೇಕಾಗಿತ್ತು. ತುದಿಯಲ್ಲಿ ಪುನಃ ಅದೇ ಕೆಲಸ. ಮಂಜಿನಲ್ಲಿ ಬೆರಳುಗಳು ಮರಗಟ್ಟಿದಾಗ ಈ ಕೆಲಸ ಎಷ್ಟು ಸುಖಕರವೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಜುಲೈ ತಿಂಗಳ ನಡುವೆ, ಪಂದ್ಯವು ಸಾಗುತ್ತಿದ್ದಂತೆಯೇ, ಸ್ಪೇನಿನಲ್ಲಿ ಸೇನಾಧಿಕಾರಿಗಳು ಗಣರಾಜ್ಯದ ಸರ್ಕಾರದ ವಿರುದ್ಧ ದಂಗೆಯೆದ್ದರು. ಅಂತರ್ಯುದ್ಧ ಹೊತ್ತಿಕೊಂಡಿತು. ಮನೆಯವರು ಬದುಕಿರುವರೋ ಇಲ್ಲವೋ, ಯಾವ ಊರು ಯಾರ ವಶದಲ್ಲಿದೆಯೋ ಎಂಬ ಚಿಂತೆಯನ್ನು ಹೊತ್ತುಕೊಂಡೇ ಸ್ಪೇನಿನ ಸವಾರರು ದಿನದಿನವೂ ಬೆಟ್ಟಗಳನ್ನೇರಿದರು. ಆಗಸ್ಟ್ 2ರಂದು ಪ್ಯಾರಿಸ್ಸಿನಲ್ಲಿ ಪಂದ್ಯ ಮುಗಿದಾಗ ಬೆರೆಂದೆರೊ ಒಟ್ಟಿನಲ್ಲಿ ಹನ್ನೊಂದನೆಯವನು. ಆದರೆ ಪರ್ವತಗಳ ಬಹುಮಾನ ಅವನದಾಗಿತ್ತು. ಇಡೀ ಪಂದ್ಯವನ್ನು ಗೆದ್ದ ಸಿಲ್ವೇರ್ ಮಾಸ್ ಕೂಡ ಏರುವುದರಲ್ಲಿ ಅವನಿಗಿಂತ ಹಿಂದೆ ಉಳಿದಿದ್ದನು. ಇಂತಹ ಗೆಲುವಿನ ಮರುದಿನ ಊರಿಗೆ ಹೋಗುವುದು ಸಹಜ. ಹೋಗಲು ದಾರಿಯೇ ಇರಲಿಲ್ಲ.

ಯುದ್ಧ ನಡೆದ ವರ್ಷಗಳಲ್ಲಿ ಅವನು ಫ್ರಾನ್ಸಿನಲ್ಲಿಯೇ ನೆಲಸಿದನು. ಪಿರೆನೀಸ್ ಪರ್ವತದ ತಪ್ಪಲಿನಲ್ಲಿ ಪೋ ಎಂಬ ಪಟ್ಟಣವಿದೆ. ಬೆಟ್ಟದ ಆಚೆ ಬದಿಗೆ ಅವನ ದೇಶ. ಈಚೆಗೆ ಅವನ ಅನ್ನ. 1937ರ ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಲುಶೋಂ ಪಟ್ಟಣದಿಂದ ಇದೇ ಪೋ ಪಟ್ಟಣಕ್ಕೆ ಬರುವ ದಿನದ ಓಟದಲ್ಲಿ, ತುರ್ಮಾಲೆ, ಓಬಿಸ್ಕ್ ಮೊದಲಾದ ಘಟ್ಟಗಳನ್ನು ದಾಟಿ ಅವನೇ ಮೊದಲು ಗುರಿಮುಟ್ಟಿದನು. ಆ ದಿನ ಬೆಳಿಗ್ಗೆ ಫ್ರೆಂಚ್ ಸವಾರನಾದ ಲಾಪೆಬೀ ತನ್ನ ಬೈಸಿಕಲ್ಲಿನ ಹಿಡಿಯನ್ನು ಯಾರೋ ಗರಗಸದಿಂದ ಕೊಯ್ದಿಟ್ಟಿರುವುದನ್ನು ಕಂಡನಂತೆ! ಹಿಡಿಯನ್ನು ಬದಲಾಯಿಸಿಕೊಂಡು ಓಡಿದ ಅವನೇ ಆ ವರ್ಷದ ಪಂದ್ಯವನ್ನು ಕೊನೆಗೆ ಗೆದ್ದನು. ಕ್ರೀಡೆಯ ಲೋಕದಲ್ಲಿ ಎಲ್ಲರೂ ಸಜ್ಜನರಲ್ಲ.

1939ರಲ್ಲಿ ಅಂತರ್ಯುದ್ಧವು ಜನರಲ್ ಫ್ರಾಂಕೊವಿನ ಜಯದಲ್ಲಿ ಮುಗಿಯಿತು. ಅದೇ ವರ್ಷ ಯುರೋಪಿನ ಮಹಾಯುದ್ಧವೂ ಪ್ರಾರಂಭವಾಯಿತು. ಬೆರೆಂದೆರೊ ತನ್ನ ದೇಶಕ್ಕೆ ಹಿಂದಿರುಗಲು ನಿಶ್ಚಯಿಸಿದನು. ಗಡಿಯನ್ನು ದಾಟಿದವನನ್ನು ಹೂಮಾಲೆ ಎದುರುಗೊಳ್ಳಲಿಲ್ಲ; ಪೊಲೀಸರು ಎದುರುಗೊಂಡರು. ಯುದ್ಧಕಾಲದಲ್ಲಿ ಹೊರದೇಶದಲ್ಲಿ ಉಳಿದವರ ಮೇಲೆ ಹೊಸ ಆಳ್ವಿಕೆಗೆ ಸಂಶಯವಿತ್ತು. ಸುಮಾರು ಹದಿನೆಂಟು ತಿಂಗಳು ಅವನನ್ನು ಬಂದಿಗಳ ಶಿಬಿರಗಳಲ್ಲಿ ಇಟ್ಟರು. ಪರ್ವತಗಳ ರಾಜನೆನಿಸಿಕೊಂಡವನು ಮುಳ್ಳುತಂತಿಯ ಬೇಲಿಯ ಒಳಗೆ, ಅರೆಹೊಟ್ಟೆಯಲ್ಲಿ, ಇಪ್ಪತ್ತೇಳನೆಯ ವಯಸ್ಸಿನಿಂದ ದಿನಗಳನ್ನು ಎಣಿಸತೊಡಗಿದನು. ಸವಾರನ ಬಾಳಿನಲ್ಲಿ ಕಾಲು ಅತ್ಯಂತ ಬಲವಾಗಿರುವ ವಯಸ್ಸೇ ಅದು. ಹಿಂದೆ ಸೈಕಲ್ ಪಂದ್ಯಗಳಲ್ಲಿ ಓಡಿದ್ದ ಒಬ್ಬ ಸೇನಾಧಿಕಾರಿಯು ಶಿಬಿರದಲ್ಲಿ ಅವನ ಗುರುತು ಹಿಡಿದುದರಿಂದ ಬಿಡುಗಡೆಗೆ ದಾರಿಯಾಯಿತೆಂದು ಹೇಳುತ್ತಾರೆ.

1941ರ ಜೂನಿನಲ್ಲಿ ವುವೆಲ್ತಾ ಐದು ವರ್ಷಗಳ ಬಳಿಕ ಮತ್ತೆ ಹೊರಟಿತು. ಅದನ್ನು ಪಂದ್ಯವೆನ್ನುವುದಕ್ಕಿಂತ ಬಡತನದ ಮೆರವಣಿಗೆಯೆನ್ನಬಹುದು. ದೇಶದಲ್ಲಿ ರೊಟ್ಟಿಗೂ ಪಡಿತರ, ರಸ್ತೆಗಳು ಯುದ್ಧದಲ್ಲಿ ಹಾಳಾದುವು. ಸುತ್ತಲಿನ ದೇಶಗಳು ಮಹಾಯುದ್ಧದಲ್ಲಿ ಸಿಲುಕಿದ್ದುದರಿಂದ ಹೊರಗಿನಿಂದ ಬಂದವರು ಕೆಲವೇ ಮಂದಿ ಸ್ವಿಸ್ ಸವಾರರು. ಒಟ್ಟು ಹೊರಟವರು 32 ಮಂದಿ. ದಾರಿಯ ಉದ್ದ 4400 ಕಿಲೋಮೀಟರಿನಷ್ಟು. ದೆಹಲಿಯಿಂದ ಬೆಂಗಳೂರಿಗೆ ಹೋಗಿ ಹಿಂದಿರುಗಿದರೂ ಅಷ್ಟಾಗುವುದು ಕಷ್ಟ.

ದೇಲಿಯೊ ರೊದ್ರೀಗೆಸ್ ಎಂಬ ವೇಗಶಾಲಿಯು ಹನ್ನೆರಡು ದಿನಗಳ ಓಟಗಳನ್ನು ಗೆದ್ದನು. ಆದರೆ ಪ್ರದಕ್ಷಿಣೆಯನ್ನು ಗೆಲ್ಲುವುದು ದಿನಗಳ ಎಣಿಕೆಯಿಂದಲ್ಲ, ಎಲ್ಲ ದಿನಗಳ ಕಾಲವನ್ನು ಕೂಡಿದ ಮೊತ್ತದಿಂದ. ಆ ಮೊತ್ತದಲ್ಲಿ ಬೆರೆಂದೆರೊನನ್ನು ನೆರಳಿನಂತೆ ಹಿಂಬಾಲಿಸಿದವನು ಫೆರ್ಮೀನ್ ತ್ರುಯೇಬಾ, ಆ ಚಿಗಟನ ತಮ್ಮ. ಅಣ್ಣನಂತೆ ಇವನೂ ಏರುವುದರಲ್ಲಿ ನಿಪುಣ. ಪರ್ವತಗಳ ಬಹುಮಾನವನ್ನು ಅವನೇ ಪಡೆದನು. ಕೊನೆಗೆ ಮಾದ್ರಿದ್ ನಗರವನ್ನು ಮುಟ್ಟಿದವರು ಹದಿನಾರೇ ಮಂದಿ. ಬೆರೆಂದೆರೊ ತೆಗೆದುಕೊಂಡ ಕಾಲ 168 ಗಂಟೆಗಳಿಗೂ ಹೆಚ್ಚು. ಅಷ್ಟು ಗಂಟೆಗಳ ಕೊನೆಯಲ್ಲಿ ಇಬ್ಬರ ನಡುವೆ ಉಳಿದ ಅಂತರ 1 ನಿಮಿಷ 7 ಸೆಕೆಂಡು. ಬಾಯಾರಿಕೆಯೆಂದು ಹಳ್ಳಿಯ ಕಾರಂಜಿಯ ಬಳಿ ಒಮ್ಮೆ ನಿಂತಿದ್ದರೂ ಬೆರೆಂದೆರೊ ಸೋಲುತ್ತಿದ್ದನು. ವುವೆಲ್ತಾವನ್ನು ಗೆದ್ದ ಮೊದಲನೆಯ ಸ್ಪೇನ್ ದೇಶೀಯನು ಅವನೇ. ಸ್ವಲ್ಪಕಾಲದ ಹಿಂದೆ ಅವನನ್ನು ಬೇಲಿಯೊಳಗೆ ಇಟ್ಟಿದ್ದ ಆಳ್ವಿಕೆಯ ರಾಜಧಾನಿಯಲ್ಲಿಯೇ ಅವನಿಗೆ ಜಯಘೋಷವಾಯಿತು.

ಮರುವರ್ಷವೂ ಅವನದೇ ಗೆಲುವು. ಅನಂತರ ಎರಡು ವರ್ಷ ಪಂದ್ಯವೇ ನಡೆಯಲಿಲ್ಲ. 1945ರಲ್ಲಿ ಮತ್ತೆ ಆರಂಭವಾದಾಗಲೂ 1946ರಲ್ಲಿಯೂ ಅವನಿಗೆ ಎರಡನೆಯ ಸ್ಥಾನ ದೊರೆಯಿತು. ಈ ನಡುವೆ 1942ರಿಂದ 1944ರವರೆಗೆ ಮೂರು ವರ್ಷ ಅವನು ರಾಷ್ಟ್ರದ ಚಾಂಪಿಯನ್ ಆಗಿದ್ದನು. ಕತಲೂನ್ಯಾ ಪ್ರಾಂತದ ಪ್ರದಕ್ಷಿಣೆಯನ್ನೂ ಎರಡು ಸಲ ಗೆದ್ದನು. ಸೆರೆಯಲ್ಲಿ ಕಳೆದ ತಿಂಗಳುಗಳು ಅವನ ಕೈಯಲ್ಲಿಯೇ ಇದ್ದಿದ್ದರೆ ಈ ಪಟ್ಟಿಯು ಇನ್ನೆಷ್ಟು ಉದ್ದವಾಗುತ್ತಿತ್ತೋ ಎಂದು ನನಗೆ ಅನಿಸುವುದುಂಟು.

1949ರಲ್ಲಿ ಅವನು ಸ್ಪರ್ಧೆಗಳನ್ನು ಬಿಟ್ಟು, ತನ್ನ ನೆನಪುಗಳ ಪುಸ್ತಕವೊಂದನ್ನು ಪ್ರಕಟಿಸಿದನು. ಹತ್ತು ವರ್ಷಗಳ ಮೇಲೆ, 1959ರಲ್ಲಿ, ತೊಲೇದೊ ಪ್ರಾಂತದ ಬಹಾಮೊಂತೆಸ್ ಎಂಬವನು ಫ್ರಾನ್ಸಿನ ಪ್ರದಕ್ಷಿಣೆಯನ್ನು ಗೆದ್ದ ಮೊದಲ ಸ್ಪೇನಿಗನಾದನು. ಅವನೂ ಘಟ್ಟಗಳಲ್ಲಿಯೇ ಹೆಸರು ಮಾಡಿದವನು. ಬೆರೆಂದೆರೊ ಆ ವೇಳೆಗೆ ಮಾದ್ರಿದ್ ನಗರದಲ್ಲಿ ಬೈಸಿಕಲ್ಲುಗಳ ಅಂಗಡಿಯ ಒಡೆಯನಾಗಿದ್ದನು. ಅಂಗಡಿಯ ಮೇಲೆ ಅವನದೇ ಹೆಸರು. ಅದೇ ನಗರದಲ್ಲಿ 1995ನೆಯ ಇಸವಿಯ ಆಗಸ್ಟ್ 1ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.