ಭಾರತ ನೋಡದೆ ಭಾರತಕ್ಕೆ ಕಾಗದ ಬರೆದವರು: ಜಾನ್ ಸ್ಟುವರ್ಟ್ ಮಿಲ್

ಮಕ್ಕಳೇ, ಊರಿನಲ್ಲಿರೋ ಅಜ್ಜಿಗೆ ಫೋನ್ ಮಾಡಿದರೆ ಆ ಕ್ಷಣವೇ ಮುಖ ಕಾಣಿಸುತ್ತೆ, ಮಾತೂ ಕೇಳಿಸುತ್ತೆ ಅಲ್ವಾ? ಇನ್ನೂರು ವರ್ಷದ ಹಿಂದೆ ಲಂಡನ್ನಿನಿಂದ ಹೊರಟ ಕಾಗದ ಹಡಗಿನಲ್ಲಿ ಆಫ್ರಿಕಾ ಸುತ್ತಿಕೊಂಡು ಭಾರತ ಮುಟ್ಟಲು ನಾಲ್ಕೈದು ತಿಂಗಳು ಬೇಕಿತ್ತು. ಉತ್ತರ ಬರಲು ಮತ್ತಷ್ಟು ತಿಂಗಳು. ಆದರೂ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನಲ್ಲಿ ಕೂತು ಕಾಗದಗಳ ಮೂಲಕವೇ ಭಾರತದ ಆಡಳಿತ ನಡೆಸುತ್ತಿತ್ತು. 35 ವರ್ಷ ಅಂಥ ಕಾಗದ ಬರೆದ ಒಬ್ಬರ ಕಥೆ ಇದು.

ಜಾನ್ ಹುಟ್ಟಿದ್ದು 1806ರ ಮೇ 20ರಂದು, ಲಂಡನ್ನಿನಲ್ಲಿ. ಒಂಬತ್ತು ಮಕ್ಕಳಲ್ಲಿ ಅವನೇ ಹಿರಿಯ. ಶಾಲೆಗೆ ಹೋಗಲೇ ಇಲ್ಲ, ಅಪ್ಪ ಜೇಮ್ಸ್ ಮಿಲ್ ಅವರೇ ಮೇಷ್ಟ್ರು. ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್! ಅಪ್ಪ ಬ್ರಿಟಿಷ್ ಇಂಡಿಯಾದ ಇತಿಹಾಸ ಬರೆಯುತ್ತಿದ್ದ ಮೇಜಿನಲ್ಲೇ ಮಗನ ಪಾಠ. ತಿಳಿಯದ ಪದ ಬಂದಾಗಲೆಲ್ಲ ಅಪ್ಪನನ್ನೇ ಕೇಳಬೇಕು. ತಮಾಷೆ ಏನು ಗೊತ್ತಾ? ಅಷ್ಟು ದೊಡ್ಡ ಪುಸ್ತಕ ಬರೆದ ಆ ಅಪ್ಪ ಭಾರತಕ್ಕೆ ಒಮ್ಮೆಯೂ ಬಂದವರಲ್ಲ.

ಆ ಪುಸ್ತಕವೇ ಅವರಿಗೆ ಕೆಲಸ ಕೊಡಿಸಿತು. ಕಂಪನಿಯ ರಾಜ್ಯ ಬೆಳೆದಂತೆಲ್ಲ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಚೇರಿಗೆ ಬರುವ ಕಾಗದದ ಕಟ್ಟುಗಳೂ ಬೆಳೆದವು. ಅಲ್ಲಿಯ ಅಧಿಕಾರಿಗಳು ಮಾಡಿದ ಒಂದೊಂದು ಕೆಲಸವನ್ನೂ ಬರೆದು ಕಳಿಸಬೇಕಿತ್ತು. ನಕಲು ಮಾಡಲು ಗುಮಾಸ್ತರಿದ್ದರು. ಆದರೆ ರಾಶಿ ಕಾಗದ ಓದಿ, ಸಾರ ಹಿಡಿದು, ಉತ್ತರದ ಕರಡು ಬರೆಯೋರು ಸಾಲದೇ ಹೋದರು. ಅದಕ್ಕೆ 1819ರಲ್ಲಿ ಕಂಪನಿ ಹೊರಗಿನಿಂದ ಮೂವರನ್ನು ಸೇರಿಸಿಕೊಂಡಿತು: ಜೇಮ್ಸ್ ಮಿಲ್, ಕಾದಂಬರಿಕಾರ ಥಾಮಸ್ ಲವ್ ಪೀಕಾಕ್, ಎಡ್ವರ್ಡ್ ಸ್ಟ್ರೇಚಿ. ಮೂವರಲ್ಲಿ ಭಾರತ ಕಂಡಿದ್ದವರು ಸ್ಟ್ರೇಚಿ ಒಬ್ಬರೇ.

1823ರಲ್ಲಿ, 17ನೇ ವಯಸ್ಸಿಗೆ, ಜಾನ್ ಕೂಡ ಅಪ್ಪನ ಕೈಕೆಳಗೆ ಗುಮಾಸ್ತರಾಗಿ ಸೇರಿದರು. ಬೆಳಿಗ್ಗೆ ಹತ್ತಕ್ಕೆ ಕಚೇರಿ. ಅಲ್ಲೇ ಟೀ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಮೇಲೆ ಕರಡು. ಅವರು ಬರೆದದ್ದನ್ನು ಕಂಪನಿಯ ದೊಡ್ಡವರು ನೋಡಬೇಕು, ಸರ್ಕಾರದ ಮೇಲ್ವಿಚಾರಣಾ ಮಂಡಳಿ ತಿದ್ದಬೇಕು, ಆಮೇಲೆ ಹಡಗು ಹತ್ತಬೇಕು. ಹೀಗೆ ಅವರು ಬರೆದ ಕರಡುಗಳು ಸುಮಾರು 1,700. ಹೆಚ್ಚಿನವು ದೇಶೀ ಸಂಸ್ಥಾನಗಳ ಜೊತೆಗಿನ ವ್ಯವಹಾರದವು. 1831ರಲ್ಲಿ ಕಂಪನಿ ಆಡಳಿತ ಕೈಗೆ ತೆಗೆದುಕೊಂಡ ನಮ್ಮ ಮೈಸೂರೂ ಅಂಥದ್ದೊಂದು ಸಂಸ್ಥಾನವೇ.

ಇಪ್ಪತ್ತನೇ ವಯಸ್ಸಿಗೆ ಜಾನ್‌ಗೆ ಒಂದು ಕಷ್ಟ ಬಂತು. ಬರೀ ಓದು, ಓದು. ಯಾವುದರಲ್ಲೂ ಖುಷಿಯೇ ಇಲ್ಲ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿಹೋಗಿತ್ತು, ಆದರೂ ಕಚೇರಿಗೆ ಹೋಗುತ್ತಲೇ ಇದ್ದರು. ನಿಧಾನವಾಗಿ ಚೇತರಿಸಿಕೊಂಡರು, ವರ್ಡ್ಸ್‌ವರ್ತ್ ಕವಿತೆಗಳು ಅವರಿಗೆ ಆಸರೆಯಾದವು. ಇದನ್ನು ಅಪ್ಪ ಅಮ್ಮಂದಿರೂ ಸ್ವಲ್ಪ ಗಮನವಿಟ್ಟು ಓದಬೇಕು!

ಕನ್ನಡ ಕಲಿಯುವ ನಾವು ತಿಳಿಯಬೇಕಾದ ವಿಷಯ ಇನ್ನೊಂದಿದೆ. 1835ರಲ್ಲಿ ಮೆಕಾಲೆಯವರ ಮಾತಿನಂತೆ ಭಾರತದಲ್ಲಿ ಸರ್ಕಾರದ ಶಿಕ್ಷಣದ ಹಣ ಇಂಗ್ಲಿಷಿನ ಕಡೆ ತಿರುಗಿತು. ಮಿಲ್ ಅದನ್ನು ಒಪ್ಪಲಿಲ್ಲ. ಹೊಸ ಜ್ಞಾನ ಜನಸಾಮಾನ್ಯರಿಗೆ ಮುಟ್ಟಬೇಕಾದರೆ ಅವರ ನುಡಿಯಲ್ಲೇ ಮುಟ್ಟಬೇಕು, ಅದಕ್ಕೆ ಅಲ್ಲಿನ ಪಂಡಿತರ ನೆರವು ಬೇಕು ಅನ್ನೋದು ಅವರ ವಾದ. 1836ರಲ್ಲಿ ಅದನ್ನೇ ಕರಡಿನಲ್ಲಿ ಬರೆದರು. ಮಂಡಳಿಯ ಅಧ್ಯಕ್ಷ ಹಾಬ್‌ಹೌಸ್ ಅದನ್ನು ತಡೆದರು. ಆ ಕಾಗದ ಹಡಗು ಹತ್ತಲೇ ಇಲ್ಲ.

1856ರಲ್ಲಿ ಮಿಲ್ ಆ ವಿಭಾಗದ ಮುಖ್ಯಸ್ಥರಾದರು. ಮರುವರ್ಷವೇ ಭಾರತದಲ್ಲಿ ದೊಡ್ಡ ದಂಗೆ. 1858ರಲ್ಲಿ ಕಂಪನಿಯ ಆಡಳಿತ ಮುಗಿದು ಬ್ರಿಟನ್ ರಾಣಿಯ ಆಡಳಿತ ಬಂತು. ಹೊಸ ಸರ್ಕಾರ ತನ್ನ ಸಲಹಾ ಸಭೆಗೆ ಕರೆದರೂ ಅವರು ಹೋಗಲಿಲ್ಲ. ಅದೇ ವರ್ಷ ಹೆಂಡತಿ ಹ್ಯಾರಿಯೆಟ್ ಫ್ರಾನ್ಸಿನ ಆವಿನ್ಯೋನ್‌ನಲ್ಲಿ ತೀರಿಕೊಂಡರು. 1859ರಲ್ಲಿ ಹೊರಬಂದ ‘ಆನ್ ಲಿಬರ್ಟಿ’ ಪುಸ್ತಕವನ್ನು ಅವರಿಗೇ ಅರ್ಪಿಸಿದರು. ಮುಂದೆ ಪಾರ್ಲಿಮೆಂಟಿಗೆ ಆಯ್ಕೆಯಾಗಿ 1867ರಲ್ಲಿ ಹೆಂಗಸರಿಗೂ ಓಟು ಬೇಕೆಂದು ಹೋರಾಡಿದರು. ಅಂದು ಸಿಕ್ಕಿದ್ದು 73 ಮತ, ಸೋತರು.

ಇಷ್ಟೆಲ್ಲ ದೊಡ್ಡವರು ಒಂದು ಕಡೆ ಎಡವಿದರು. ಒಬ್ಬೊಬ್ಬ ಮನುಷ್ಯನಿಗೂ ಸ್ವಾತಂತ್ರ್ಯ ಬೇಕು ಎಂದು ಬರೆದವರೇ, ಭಾರತದವರು ತಮ್ಮನ್ನು ತಾವು ಆಳಿಕೊಳ್ಳಲು ಇನ್ನೂ ತಯಾರಿಲ್ಲ ಎಂದು ನಂಬಿದ್ದರು. 35 ವರ್ಷ ಆ ದೇಶದ ಕಾಗದ ಓದಿದರು. ಆದರೆ ಅಲ್ಲಿನ ಒಂದು ಹಳ್ಳಿ ಕಟ್ಟೆಯ ಮೇಲೆ ಕೂತು ಒಬ್ಬ ರೈತನ ಮಾತು ಕೇಳಿದವರಲ್ಲ. ಆ ಕಾಗದಗಳಲ್ಲಿದ್ದದ್ದು ಬಹುಪಾಲು ಆಳುವವರ ಮಾತು. ಮುಂದೆ ಭಾರತದ ಓದುಗರು ಅವರ ಪುಸ್ತಕ ಓದಿಯೇ, ಈ ಸ್ವಾತಂತ್ರ್ಯ ನಮಗೇಕಿಲ್ಲ ಎಂದು ಕೇಳಿದರು.

1873ರ ಮೇ 7ರಂದು ಮಿಲ್ ಆವಿನ್ಯೋನ್‌ನಲ್ಲಿ ತೀರಿಕೊಂಡರು. ಹೆಂಡತಿಯ ಪಕ್ಕದಲ್ಲೇ ಅವರ ಸಮಾಧಿ ಇದೆ. ಭಾರತವನ್ನು ಅವರು ನೋಡಲೇ ಇಲ್ಲ.

ನಾವೂ ದೂರದಲ್ಲೇ ಇರೋರು. ಊರಿನ ಬಗ್ಗೆ ಪುಸ್ತಕದಲ್ಲಿ, ಫೋನಿನಲ್ಲಿ ಬೇಕಾದಷ್ಟು ಓದ್ತೀವಿ. ಈ ಸಲ ರಜೆಗೆ ಹೋದಾಗ ಅಜ್ಜಿ ಪಕ್ಕ ಕೂತು, ಕನ್ನಡದಲ್ಲೇ ನಾಲ್ಕು ಪ್ರಶ್ನೆ ಕೇಳಿ. ಆಮೇಲೆ ಸುಮ್ಮನೆ ಕೂತು ಅಜ್ಜಿ ಹೇಳೋದನ್ನ ಕೇಳಿಸಿಕೊಳ್ಳಿ.